ಮುಂಬೈ, ಪುಣೆ, ಗೋವಾದಲ್ಲಿ ಸೇಲ್ಸ್ ಕೆಲಸ ಮಾಡುವ ಕನ್ನಡಿಗರೇ, ತಿಂಗಳ ಕೊನೆ ವಾರ ಹೇಗೆ ದಾಟುತ್ತೀರಿ?

ಡೊಂಬಿವಲಿ ಹುಡುಗ

ಎಲ್ಲರಿಗೂ ನಮಸ್ಕಾರ. ನಾನು ವಿಜಯಪುರ ಕಡೆಯವನು. ಬಿಕಾಂ ಮುಗಿಸಿ ಡೊಂಬಿವಲಿಯ ಸೋದರಮಾವನ ಮನೆಗೆ ಬಂದೆ. ಈಗ ಘಾಟ್‌ಕೋಪರ್‌ನಲ್ಲಿ ಒಬ್ಬ ಡಿಸ್ಟ್ರಿಬ್ಯೂಟರ್ ಹತ್ತಿರ ಸೇಲ್ಸ್‌ಮನ್. ಸೋಪು, ಶಾಂಪೂ, ಟೂತ್‌ಪೇಸ್ಟ್ ಆರ್ಡರ್ ತೆಗೆಯುವ ಕೆಲಸ. ದಿನಕ್ಕೊಂದು ಬೀಟ್, ಅಂದರೆ ಅವತ್ತು ಸುತ್ತಬೇಕಾದ ಅಂಗಡಿಗಳ ದಾರಿ, ಒಂದೊಂದು ಬೀಟಿನಲ್ಲಿ ನಲವತ್ತರ ಹತ್ತಿರ ಅಂಗಡಿ.

ಮೊದಲು ಒಳ್ಳೆಯದನ್ನೇ ಹೇಳುತ್ತೇನೆ. ಊರಲ್ಲಿ ಹೊಸಬರ ಹತ್ತಿರ ಮಾತಾಡಲು ಹಿಂಜರಿಯುತ್ತಿದ್ದೆ. ಈಗ ಹಿಂದಿ, ಮರಾಠಿ, ಅಲ್ಪಸ್ವಲ್ಪ ಗುಜರಾತಿಯಲ್ಲೂ ಲೆಕ್ಕ ಹೇಳುತ್ತೇನೆ. ಯಾವ ಅಂಗಡಿಯಲ್ಲಿ ಸೇಠ್ ಎಷ್ಟು ಗಂಟೆಗೆ ಬರುತ್ತಾರೆ, ಎಲ್ಲಿ ಮಗನ ಮಾತೇ ನಡೆಯುತ್ತದೆ, ಯಾರು ಬೆಳಗಿನ ಬೋಣಿಗೆ ಮೊದಲು ದುಡ್ಡು ಕೊಡುವುದಿಲ್ಲ, ಎಲ್ಲ ಗೊತ್ತಾಗಿದೆ. 'ಮಾಲ್ ಬಹುತ್ ಹೈ, ಅಗಲೇ ಹಫ್ತೆ ಆನಾ' (ಮಾಲು ಬೇಕಾದಷ್ಟಿದೆ, ಮುಂದಿನ ವಾರ ಬಾ) ಎಂದವರು ಎರಡು ಮಾತಾಡಿದ ಮೇಲೆ ಸಣ್ಣ ಬಿಲ್ ಕೊಟ್ಟರೂ ಅವತ್ತು ಮನಸ್ಸಿಗೆ ಹಿತ.

ತೊಂದರೆ ಶುರುವಾಗುವುದು 22-23ನೇ ತಾರೀಖಿನ ನಂತರ. ಸಂಜೆ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಎಲ್ಲರ ಹೆಸರು, ಎದುರಿಗೆ ತಿಂಗಳ ಟಾರ್ಗೆಟ್‌ನಲ್ಲಿ ಎಷ್ಟು ಪರ್ಸೆಂಟ್ ಮುಗಿದಿದೆ ಎಂದು ಬರುತ್ತದೆ. ಕಡಿಮೆ ಇದ್ದವರಿಗೆ ಕೆಂಪು ಬಣ್ಣ. ಆಮೇಲೆ ಸೂಪರ್‌ವೈಸರ್ ಫೋನ್: 'ಅಂಗಡಿಗೆ ಮಾಲು ಹಾಕಿಬಿಡು, ಬೇಡ ಅಂದರೆ ಮುಂದಿನ ತಿಂಗಳು ವಾಪಸ್ ತಗೊಂಡರಾಯ್ತು.' ಜೊತೆಯವನೊಬ್ಬ ಅಂಗಡಿಗಳ ಹೆಸರಲ್ಲಿ ಬಿಲ್ ಮಾಡಿಸಿ, ಮಾಲನ್ನು ಹೋಲ್‌ಸೇಲ್‌ನವರಿಗೆ ಕಡಿಮೆ ರೇಟಿಗೆ ಕೊಡುತ್ತಾನೆ. ವ್ಯತ್ಯಾಸದ ದುಡ್ಡು ತನ್ನ ಜೇಬಿನಿಂದ. ಅವನ ಹೆಸರು ಯಾವಾಗಲೂ ಹಸಿರು. ನಾನು ಒಪ್ಪಲಿಲ್ಲ, ಟಾರ್ಗೆಟ್ ಮುಟ್ಟಿದರೆ ಸಿಗುವ ನನ್ನ ಇನ್ಸೆಂಟಿವ್ ಹೋಯಿತು.

ಕೆಲಸ ಬಿಡಬೇಕೋ, ಇಲ್ಲೇ ಇದ್ದು ದಾರಿ ಹುಡುಕಬೇಕೋ? ಅನುಭವ ಇದ್ದವರು ದಯವಿಟ್ಟು ಹೇಳಿ.

ಮಾಟುಂಗಾ ಅಣ್ಣ

ತಮ್ಮಾ, ನೀನು ಒಪ್ಪದೇ ಇದ್ದದ್ದು ಸರಿ. ಇದನ್ನು ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ನಿನ್ನ ಆಫೀಸಿನಲ್ಲಿ ಯಾರೂ ಹೇಳುವುದಿಲ್ಲ.

ನಾನು ಇದೇ ಲೈನಿನಲ್ಲಿ ಬೀಟ್ ಹುಡುಗನಾಗಿ ಸೇರಿ ಏರಿಯಾ ಮ್ಯಾನೇಜರ್ ಆದವನು. ಮೇಲಿನ ಕುರ್ಚಿಯಿಂದ ಇದು ಹೇಗೆ ಕಾಣುತ್ತದೆ ಎಂದು ಹೇಳುತ್ತೇನೆ. ಕಂಪನಿಯಿಂದ ಡಿಸ್ಟ್ರಿಬ್ಯೂಟರ್‌ಗೆ ಹೋಗುವುದು ಪ್ರೈಮರಿ. ಡಿಸ್ಟ್ರಿಬ್ಯೂಟರ್‌ನಿಂದ ಅಂಗಡಿಗೆ ಹೋಗುವುದು ಸೆಕೆಂಡರಿ. ಕಂಪನಿಯ ಪುಸ್ತಕದಲ್ಲಿ ಪ್ರೈಮರಿ ಆದ ಕೂಡಲೇ ಮಾರಾಟ ಆದಂತೆ. ಹಾಗಾಗಿ ತಿಂಗಳ ಕೊನೆಗೆ ಮೇಲಿನವರು ಮ್ಯಾನೇಜರನ್ನು ಒತ್ತುತ್ತಾರೆ, ಮ್ಯಾನೇಜರ್ ಡಿಸ್ಟ್ರಿಬ್ಯೂಟರನ್ನು ಒತ್ತುತ್ತಾನೆ. ಗೋಡೌನ್ ತುಂಬಿ ದುಡ್ಡು ಸಿಕ್ಕಿಬಿದ್ದ ಡಿಸ್ಟ್ರಿಬ್ಯೂಟರ್ ನಿನ್ನನ್ನು ಒತ್ತುತ್ತಾನೆ. ನೀನು ಯಾರನ್ನು ಒತ್ತುತ್ತೀಯಾ? ಅಂಗಡಿಯವರನ್ನು. ಆದರೆ ಮುಂದಿನ ವಾರ ಅದೇ ಅಂಗಡಿಗೆ ಹೋಗಿ ನಿಲ್ಲಬೇಕಾದವನು ಇಡೀ ಸಾಲಿನಲ್ಲಿ ನೀನೊಬ್ಬನೇ. ಮಿಕ್ಕವರ್ಯಾರೂ ಆ ಸೇಠ್ ಮುಖ ನೋಡುವುದಿಲ್ಲ. ಅದಕ್ಕೇ ಅವರಿಗೆ 'ಹಾಕಿಬಿಡು' ಅನ್ನುವುದು ಸುಲಭ.

ಟಾರ್ಗೆಟ್ ತಪ್ಪಿದರೆ ನಿನ್ನ ಕೈಲಾಗಲಿಲ್ಲ ಎಂದುಕೊಳ್ಳಬೇಡ. 2025ರ ಸೆಪ್ಟೆಂಬರ್ ನೋಡು. ಜಿಎಸ್‌ಟಿ ಇಳಿಯುತ್ತದೆ ಎಂದು ಆಗಸ್ಟ್ 15ಕ್ಕೇ ಸುದ್ದಿ ಆಯಿತು. ಸೋಪು, ಶಾಂಪೂ, ಟೂತ್‌ಪೇಸ್ಟ್, ತಲೆಗೆ ಹಚ್ಚುವ ಎಣ್ಣೆ 18ರಿಂದ 5 ಪರ್ಸೆಂಟಿಗೆ ಬಂದದ್ದು ಸೆಪ್ಟೆಂಬರ್ 22ಕ್ಕೆ. ನಡುವಿನ ಐದು ವಾರ ಅಂಗಡಿಯವರು ಹಳೇ ರೇಟಿನ ಮಾಲು ತುಂಬಿಸಿಕೊಳ್ಳಲು ಹಿಂದೆಮುಂದೆ ನೋಡಿದರು. ಯಾರು ತಾನೇ ತುಂಬಿಸಿಕೊಳ್ಳುತ್ತಾರೆ? ಎಷ್ಟೇ ಚುರುಕಿನ ಸೇಲ್ಸ್‌ಮನ್ ಆದರೂ ಅದಕ್ಕೆ ಏನೂ ಮಾಡುವ ಹಾಗಿರಲಿಲ್ಲ. ಆ ತಿಂಗಳೂ ಗ್ರೂಪುಗಳಲ್ಲಿ ಕೆಂಪು ಬಣ್ಣ ಬಳಿದವರಿದ್ದರು. ನನಗೆ ಅದು ಈಗಲೂ ಸಿಟ್ಟು ತರಿಸುತ್ತದೆ.

ಇನ್ನು ಮಾಡುವುದೇನು? ಮೊದಲ ಹತ್ತು ದಿನ ಬೀಟಿನ ದೊಡ್ಡ ಅಂಗಡಿಗಳನ್ನು ಮುಗಿಸು. ಸಾಮಾನ್ಯವಾಗಿ ಹುಡುಗರು ತಿಂಗಳ ಶುರುವಿನಲ್ಲಿ ನಿಧಾನ ಇರುತ್ತಾರೆ, ಯಾಕೆಂದರೆ ಒಳ್ಳೇ ಸ್ಕೀಮ್ (ಅಂಗಡಿಗೆ ಕೊಡುವ ರಿಯಾಯಿತಿ, ಫ್ರೀ ಪೀಸ್) ಕೊನೆಗೆ ಬರುತ್ತದೆ ಎಂದು ಅಂಗಡಿಯವರಿಗೂ ಗೊತ್ತು. ಒಂದು ಸಣ್ಣ ಪುಸ್ತಕದಲ್ಲಿ ಪ್ರತಿ ಅಂಗಡಿಯ ಸ್ಟಾಕ್ ಬರೆದುಕೋ. ಹೋದ ವಾರ ಎರಡು ಡಜನ್ ಇತ್ತು, ಈ ವಾರ ಒಂದೂವರೆ ಇದೆ ಎಂದರೆ ಆ ಅಂಗಡಿಗೆ ವಾರಕ್ಕೆ ಅರ್ಧ ಡಜನ್ ಸಾಕು. 'ಈ ಅಂಗಡಿಗೆ ಇನ್ನು ಹಾಕಿದರೆ ಎಕ್ಸ್‌ಪೈರಿ ವಾಪಸ್ ಬರುತ್ತದೆ, ನೋಡಿ ಲೆಕ್ಕ' ಎಂದು ಪುಸ್ತಕ ಮುಂದಿಟ್ಟರೆ ಡಿಸ್ಟ್ರಿಬ್ಯೂಟರ್ ಕೇಳುತ್ತಾನೆ. ಎಕ್ಸ್‌ಪೈರಿ ಮಾಲಿನ ತಲೆನೋವು ಕೊನೆಗೆ ಅವನದೇ ಅಲ್ವಾ?

ಅಂಗಡಿಯವರು ಹೂಂ ಅನ್ನದ ಬಿಲ್ಲನ್ನು ನಿನ್ನ ಫೋನಿನಿಂದ ಎಂಟ್ರಿ ಮಾಡಲೇಬೇಡ. ಬೇರೆಯವರು 'ನಾನು ಹೇಳ್ತೀನಿ, ಹಾಕು' ಅಂದರೆ ಗ್ರೂಪಿನಲ್ಲೋ ಮೆಸೇಜಿನಲ್ಲೋ ಬರೆದು ಕೊಡಲು ಹೇಳು. ಬರೆಯುವ ಮಾತು ಬಂದಾಗ ಬಹಳ ಜನ ಸುಮ್ಮನಾಗುತ್ತಾರೆ.

ಠಾಣೆ ಪೂರ್ವ

ಮಾಟುಂಗಾ ಅಣ್ಣ ಹೇಳಿದ್ದು ಕೇಳಲು ಚೆನ್ನಾಗಿದೆ. ಆದರೆ ಬೀಟ್ ಹುಡುಗ ಏರಿಯಾ ಮ್ಯಾನೇಜರ್ ಆಗುವ ಕಾಲ ಈಗ ಇಲ್ಲ. ಈಗ ಬಹಳ ಕಡೆ ಸೇಲ್ಸ್‌ಮನ್ ಕಂಪನಿಯವನೂ ಅಲ್ಲ, ಡಿಸ್ಟ್ರಿಬ್ಯೂಟರ್‌ನವನೂ ಅಲ್ಲ. ನಡುವೆ ಒಂದು ಏಜೆನ್ಸಿ. ಟೀಶರ್ಟಿನ ಮೇಲೆ ಕಂಪನಿ ಹೆಸರು, ಸಂಬಳದ ಚೀಟಿಯಲ್ಲಿ ಏಜೆನ್ಸಿ ಹೆಸರು. ಕಂಪನಿ ತನ್ನ ಆಫೀಸರುಗಳನ್ನು ಎಂಬಿಎ ಕಾಲೇಜಿನಿಂದ ತರುತ್ತದೆ. ನಾನು ಸೇಲ್ಸ್ ಬಿಟ್ಟು ಬ್ಯಾಂಕಿನ ಬ್ಯಾಕ್ ಆಫೀಸ್ ಸೇರಿದೆ. ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡುತ್ತೇನೆ. ನನ್ನ ಸಲಹೆ: ಬೇರೆ ಕೆಲಸ ಹುಡುಕಿಕೋ, ಸಿಕ್ಕ ಕೂಡಲೇ ಬಿಡು.

ಮಾಟುಂಗಾ ಅಣ್ಣ

ಏಜೆನ್ಸಿ ವಿಷಯ ನಿಜ, ಒಪ್ಪುತ್ತೇನೆ. ಅದಕ್ಕೇ ಯಾರಾದರೂ ಕೇಳಿದರೆ ನಾನು ಮೊದಲು ಕೇಳುವುದು 'ಆಫರ್ ಲೆಟರ್ ಯಾರ ಹೆಸರಲ್ಲಿದೆ' ಎಂದು. ಆದರೆ ಒಂದು ಬೀಟನ್ನು ಚೆನ್ನಾಗಿ ತಿಳಿದ ಹುಡುಗನನ್ನು ಎದುರು ಕಂಪನಿಯ ಡಿಸ್ಟ್ರಿಬ್ಯೂಟರ್ ಕರೆದು ಕೆಲಸ ಕೊಡುತ್ತಾನೆ, ಇದು ಇವತ್ತೂ ನಡೆಯುತ್ತದೆ. ಆ ಹುಡುಗನ ಬಗ್ಗೆ ಅವರು ವಿಚಾರಿಸುವುದು ಅಂಗಡಿಯವರ ಹತ್ತಿರ.

ಚೆಂಬೂರ್ ಅಂಗಡಿ

ನನ್ನನ್ನೂ ಈ ಮಾತಿಗೆ ಸೇರಿಸಿಕೊಳ್ಳಿ. ನಾನು ಉಡುಪಿ ಕಡೆಯವ, ಚೆಂಬೂರಿನಲ್ಲಿ ಕಿರಾಣಿ ಅಂಗಡಿ. ಕೌಂಟರಿನ ಈಚೆ ನಿಂತು ನೋಡಿದ್ದನ್ನು ಬರೆಯುತ್ತೇನೆ.

ನಮ್ಮಲ್ಲಿಗೆ ದಿನಕ್ಕೆ ಎಷ್ಟು ಸೇಲ್ಸ್‌ಮನ್‌ಗಳು ಬರುತ್ತಾರೆ ಗೊತ್ತಾ ಮಾರಾಯ? ಹಾಲು, ಬ್ರೆಡ್, ಬಿಸ್ಕತ್ತು, ಸೋಪು, ಮಸಾಲೆ, ಸೊಳ್ಳೆ ಬತ್ತಿ. ಎಲ್ಲರಿಗೂ ಟಾರ್ಗೆಟ್. ಎಲ್ಲರೂ ತಿಂಗಳ ಕೊನೆಗೆ ಒಂದೇ ಮಾತು ಹೇಳುತ್ತಾರೆ. ನನ್ನ ಹತ್ತಿರ ಇರುವ ದುಡ್ಡು ಒಂದೇ, ಜಾಗ ಒಂದೇ. ಈಗ ಹತ್ತು ನಿಮಿಷಕ್ಕೆ ಮನೆಗೆ ತಂದುಕೊಡುವ ಆ್ಯಪ್‌ಗಳು ಬಂದ ಮೇಲೆ ನಮ್ಮ ದೊಡ್ಡ ಪ್ಯಾಕುಗಳ ವ್ಯಾಪಾರ ಕಮ್ಮಿಯಾಗಿದೆ. ಹಿಂದಿನಂತೆ ಒಂದೇ ಸಲ ನಾಲ್ಕು ಕೇಸ್ ತಗೊಳ್ಳಲು ಧೈರ್ಯ ಬರುವುದಿಲ್ಲ.

ನಮ್ಮ ಕೌಂಟರಿನ ಪಕ್ಕ ಒಂದು ತಂತಿ ಇದೆ. ಅದಕ್ಕೆ ಕ್ಲೇಮಿನ, ಅಂದರೆ ನನಗೆ ಬರಬೇಕಾದ ಬಾಕಿಯ ಚೀಟಿಗಳನ್ನು ಸಿಕ್ಕಿಸಿಟ್ಟಿದ್ದೇನೆ. ಸ್ಕೀಮಿನ ಒಂದು ಪೀಸ್ ಬರಲಿಲ್ಲ, ಒಡೆದ ಬಾಟಲಿ ವಾಪಸ್ ಹೋಯಿತು ಆದರೆ ಅದರ ದುಡ್ಡು ಬಿಲ್ಲಿನಲ್ಲಿ ಕಳೆಯುವ ಕ್ರೆಡಿಟ್ ನೋಟ್ ಬರಲಿಲ್ಲ, ಹೀಗೆ. ಕೆಲವು ಚೀಟಿಯಲ್ಲಿರುವ ಸಹಿಯ ಹುಡುಗ ಕೆಲಸ ಬಿಟ್ಟು ಹೋಗಿ ಆಗಿದೆ. ಅವನ ನಂತರ ಬಂದವನೂ ಹೋಗಿದ್ದಾನೆ. ಹೊಸಬ ಬಂದು 'ಅಂಕಲ್, ಅದು ನನ್ನ ಕಾಲದ್ದಲ್ಲ' ಅಂದರೆ ನಾನು ಯಾರನ್ನು ಕೇಳಲಿ? ಆಗ ನಾನು ಆರ್ಡರ್ ಕೊಡುವುದಿಲ್ಲ. ಅವನು ನನ್ನನ್ನು ಗಂಟುಮುಖದವ ಅಂದುಕೊಳ್ಳುತ್ತಾನೆ.

ಒಬ್ಬ ಹುಡುಗ ಇದ್ದ, ಮಹಾರಾಷ್ಟ್ರದವನೇ, ಸಾತಾರಾ ಕಡೆಯವ. ಬಂದ ಕೂಡಲೇ ಫೋನ್ ತೆಗೆಯುತ್ತಿರಲಿಲ್ಲ. ಮೇಲೆ ನೇತು ಹಾಕಿದ ಶಾಂಪೂ ಲಡಿಗಳನ್ನು (ಸ್ಯಾಶೆ ಸರಗಳನ್ನು) ಕೆಳಗಿಳಿಸಿ, ಧೂಳು ಒರೆಸಿ, ಹಿಂದಿನ ತಾರೀಖಿನವನ್ನು ಮುಂದೆ, ಹೊಸದನ್ನು ಹಿಂದೆ ಹಾಕುತ್ತಿದ್ದ. ಮೂರು ತಿಂಗಳೊಳಗೆ ಮುಗಿಯುವ ಮಾಲನ್ನು ಬೇರೆ ಮಾಡಿ 'ಇದು ಈಗಲೇ ಕೊಡಿ, ಬದಲಿಸಿ ತರುತ್ತೇನೆ' ಅನ್ನುತ್ತಿದ್ದ. ತರುತ್ತಿದ್ದ ಕೂಡ. ಕೊನೆಗೆ ಆರ್ಡರ್ ಪಟ್ಟಿಯನ್ನು ಅವನೇ ಬರೆಯುತ್ತಿದ್ದ, ನಾನು ಓದಿಯೂ ನೋಡುತ್ತಿರಲಿಲ್ಲ. ಒಮ್ಮೆ ಅವನೇ ಬಂದು 'ಅಂಕಲ್, ಈ ತಿಂಗಳು ಸ್ವಲ್ಪ ಕಷ್ಟ, ಒಂದು ಕೇಸ್ ಜಾಸ್ತಿ ತಗೊಳ್ತೀರಾ' ಎಂದು ಕೇಳಿದ. ತಗೊಂಡೆ. ಅವನು ಕೇಳಿದ, ಹೇಳದೆ ಹಾಕಲಿಲ್ಲ. ಅವನಿಗೋಸ್ಕರ ಯಾವ ತಿಂಗಳಾದರೂ ತಗೊಳ್ಳುತ್ತಿದ್ದೆ.

ಇನ್ನೊಂದು ಮಾತು, ಸಂಜೆ ಏಳು ಗಂಟೆಗೆ ಗಿರಾಕಿಗಳ ನಡುವೆ ಬಂದು ಸ್ಕೀಮ್ ಹೇಳಬೇಡಿ. ಮಧ್ಯಾಹ್ನ ಮೂರಕ್ಕೆ ಬನ್ನಿ, ಕೂತು ಮಾತಾಡೋಣ.

ಡೊಂಬಿವಲಿ ಹುಡುಗ

ಚೆಂಬೂರ್ ಅಣ್ಣ, ತಂತಿಯ ಚೀಟಿ ಓದಿ ನನ್ನ ಬೀಟಿನ ನಾಲ್ಕಾರು ಅಂಗಡಿಗಳು ಕಣ್ಣ ಮುಂದೆ ಬಂದವು. ಅಲ್ಲೂ ಇದೇ ಗೋಳು. ಅವರು ಆರ್ಡರ್ ಯಾಕೆ ಕೊಡುವುದಿಲ್ಲ ಎಂದು ಈಗ ಅರ್ಥವಾಗುತ್ತಿದೆ. ಹಳೇ ಕ್ಲೇಮನ್ನು ನಾನು ಕೇಳಿದರೆ ಡಿಸ್ಟ್ರಿಬ್ಯೂಟರ್ ಕೊಡುತ್ತಾರಾ?

ಮಾಟುಂಗಾ ಅಣ್ಣ

ಎಲ್ಲವನ್ನೂ ಕೊಡುವುದಿಲ್ಲ. ಬಿಲ್ ನಂಬರ್ ಇರುವ ಚೀಟಿಗಳ ಫೋಟೋ ತೆಗೆದು, ಅಂಗಡಿ ಹೆಸರು, ಮೊತ್ತ ಬರೆದು ಒಂದೇ ಪಟ್ಟಿ ಮಾಡಿ ಕೊಡು. ಬಿಡಿಬಿಡಿಯಾಗಿ ಬಾಯಲ್ಲಿ ಕೇಳಿದರೆ ಯಾರಿಗೂ ನೆನಪಿರುವುದಿಲ್ಲ. ಅರ್ಧ ಬಂದರೂ ಆ ಅಂಗಡಿಗಳು ನಿನ್ನವು.

ಪುಣೆ ಎಂಆರ್

ಔಷಧಿ ಕಂಪನಿಯ ಕಡೆಯಿಂದ ನಾಲ್ಕು ಮಾತು. ನಾನು ಹುಬ್ಬಳ್ಳಿಯವನು, ಪುಣೆಯಲ್ಲಿ ಮೆಡಿಕಲ್ ರೆಪ್.

ನಮ್ಮದು ಕಾಯುವ ಕೆಲಸ. ಬೆಳಗ್ಗೆ ಸದಾಶಿವ ಪೇಠ್‌ನ ಹೋಲ್‌ಸೇಲ್ ಔಷಧಿ ಅಂಗಡಿಗಳು, ಆಮೇಲೆ ಆಸ್ಪತ್ರೆಗಳ ಒಪಿಡಿ (ಹೊರರೋಗಿ ವಿಭಾಗ). ಸಂಜೆ ಕ್ಲಿನಿಕ್ ಹೊರಗೆ ಬ್ಯಾಗ್ ಹಿಡಿದು ನಿಲ್ಲಬೇಕು. ಕೊನೆಯ ಪೇಶಂಟ್ ಹೋದ ಮೇಲೆ ಒಳಗೆ ಎರಡು ನಿಮಿಷ ಸಿಗುತ್ತದೆ, ಕೆಲವು ಸಲ ಅದೂ ಇಲ್ಲ. ಹಳೇ ಪುಣೆಯಲ್ಲಿ ಮಧ್ಯಾಹ್ನ ಒಂದರಿಂದ ನಾಲ್ಕು ಅಂಗಡಿ ಮುಚ್ಚುವ ರೂಢಿ ಇನ್ನೂ ಇದೆ. ಆ ಹೊತ್ತಲ್ಲಿ ರೆಪ್‌ಗಳೆಲ್ಲ ಚಹಾ ಅಂಗಡಿಯಲ್ಲಿ ಸೇರುತ್ತೇವೆ. ಬೇರೆ ಬೇರೆ ಕಂಪನಿಯವರಾದರೂ ಯಾವ ಡಾಕ್ಟರ್ ಊರಲ್ಲಿಲ್ಲ, ಯಾರ ಮನೆಯಲ್ಲಿ ಮದುವೆ ಎಂದು ಹೇಳಿಕೊಳ್ಳುತ್ತೇವೆ. ನನಗೆ ಈ ಕೆಲಸದಲ್ಲಿ ಸಿಕ್ಕ ಗೆಳೆಯರೆಲ್ಲ ಆ ಬೆಂಚಿನವರು.

2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಔಷಧಿ ಮಾರಾಟಕ್ಕೆ ನಡವಳಿಕೆ ಸಂಹಿತೆ ತಂದಿತು. ಡಾಕ್ಟರಿಗೆ ಉಡುಗೊರೆ, ಪ್ರವಾಸ ಎಲ್ಲ ನಿಷೇಧ. ನೆನಪಿಗಾಗಿ ಕೊಡುವ ಪೆನ್ನು, ಡೈರಿಯಂಥ ವಸ್ತು 1000 ರೂಪಾಯಿ ದಾಟುವಂತಿಲ್ಲ. ಕೆಲವು ರೆಪ್‌ಗಳು ಇದರಿಂದ ಕೆಲಸ ಕಷ್ಟವಾಯಿತು ಎನ್ನುತ್ತಾರೆ. ನನಗೆ ಇದು ಒಳ್ಳೆಯದೇ ಅನಿಸಿದೆ. ಔಷಧಿಯ ಬಗ್ಗೆ ಓದಿಕೊಂಡು ಹೋದವನಿಗೆ ಈಗ ಬೆಲೆ ಇದೆ. ಡಾಕ್ಟರ್ ಒಂದು ಪ್ರಶ್ನೆ ಕೇಳಿ, ಅದಕ್ಕೆ ಸರಿಯಾದ ಉತ್ತರ ಕೊಟ್ಟ ದಿನದ ಖುಷಿ ಬೇರೆ.

ತಿಂಗಳ ಕೊನೆಯ ಕಾಟ ಇಲ್ಲೂ ಇದೆ. ಸ್ಟಾಕಿಸ್ಟ್ (ನಮ್ಮ ಡಿಸ್ಟ್ರಿಬ್ಯೂಟರ್) ಹತ್ತಿರ ಮಾಲು ಸುರಿಯುವುದು. ಆದರೆ ಕೆಮಿಸ್ಟ್ ಅಂಗಡಿಗೆ ಹೋಗಿ ಯಾವ ಡಾಕ್ಟರ್ ಏನು ಬರೆಯುತ್ತಿದ್ದಾರೆ ಎಂದು ನೋಡಿದರೆ ನಿಜ ಗೊತ್ತಾಗಿಬಿಡುತ್ತದೆ. ಬರೆಯದ ಔಷಧಿ ಸ್ಟಾಕಿಸ್ಟ್ ಹತ್ತಿರ ಕೊಳೆತು ವಾಪಸ್ ಬರುತ್ತದೆ.

ಮಾಪ್ಸಾದಿಂದ

ಗೋವಾದ ಕಥೆ ಚಿಕ್ಕದಾಗಿ. ತಂಪು ಪಾನೀಯದ ಸೇಲ್ಸ್. ಮೇ ಕೊನೆಗೆ ಬೀಚಿನ ಶ್ಯಾಕ್‌ಗಳನ್ನು (ತಾತ್ಕಾಲಿಕ ಗುಡಿಸಲು ಹೋಟೆಲುಗಳನ್ನು) ಬಿಚ್ಚುತ್ತಾರೆ, ಮಳೆ ಮುಗಿಯುವವರೆಗೆ ಆ ಗಿರಾಕಿಗಳೇ ಇರುವುದಿಲ್ಲ. ಆದರೂ ಜುಲೈಗೆ ಟಾರ್ಗೆಟ್ ಹಾಕುವವರು ದೂರದ ಊರಲ್ಲಿ ಕೂತವರು. ಕೆಲಸಕ್ಕೆ ಸೇರುವಾಗ ಹನ್ನೆರಡೂ ತಿಂಗಳ ಟಾರ್ಗೆಟ್ ಹೇಗೆ ಹಂಚಿದ್ದಾರೆ ಎಂದು ಕೇಳಿ. ಈ ಪ್ರಶ್ನೆ ಕೇಳಿದ ಹುಡುಗನನ್ನು ಅವರೂ ಬೇರೆ ಥರ ನೋಡುತ್ತಾರೆ.

ವಾಕಡ್ ಅಕ್ಕ

ನಾನು ಪುಣೆಯಲ್ಲಿ ಫ್ಲಾಟ್ ಮಾರುವ ಕಡೆ ಶುರು ಮಾಡಿದವಳು, ಕಲಬುರಗಿ ಹುಡುಗಿ. ಮೊದಲು ಫೋನ್, ಆಮೇಲೆ ಸೈಟ್ ವಿಸಿಟ್. ಹುಡುಗಿಯರು ಯಾರಾದರೂ ಓದುತ್ತಿದ್ದರೆ ಅವರಿಗಾಗಿ ಬರೆಯುತ್ತಿದ್ದೇನೆ.

ನಿಮ್ಮ ಸ್ವಂತ ಸಿಮ್‌ನಿಂದ ಗುರುತಿಲ್ಲದವರಿಗೆ ಮಾರಾಟದ ಫೋನ್ ಮಾಡಬೇಡಿ, ಯಾರೇ ಹೇಳಿದರೂ. ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್ 2025ರ ಫೆಬ್ರವರಿಯಲ್ಲಿ ನಿಯಮ ಬಿಗಿ ಮಾಡಿದೆ. ಪ್ರಚಾರದ ಕರೆಗೆ 140ರಿಂದ ಶುರುವಾಗುವ ನಂಬರ್ ಇರಬೇಕು, ಮಾಮೂಲಿ ಹತ್ತು ಅಂಕಿಯ ನಂಬರ್ ನಡೆಯುವುದಿಲ್ಲ. ದೂರು ಬಂದರೆ ಮೊದಲು 15 ದಿನ ಹೊರಕರೆ ಬಂದ್. ಮತ್ತೆ ಬಂದರೆ ನಿಮ್ಮ ಹೆಸರಿನ ಎಲ್ಲ ಸಂಪರ್ಕವೂ ಒಂದು ವರ್ಷ ಹೋಗುತ್ತದೆ. ಬ್ಯಾಂಕ್, ಆಧಾರ್, ಅಮ್ಮನ ಫೋನ್ ಎಲ್ಲ ಆ ನಂಬರಿಗೇ ಅಲ್ವಾ? ಆಫೀಸಿನಿಂದ ಲೈನ್ ಕೊಡಲು ಹೇಳಿ. ನಾನು ಇದನ್ನು ಜಗಳ ಮಾಡಿಯೇ ಪಡೆದುಕೊಂಡೆ.

ಸೈಟ್ ವಿಸಿಟ್‌ಗೆ ಗಿರಾಕಿಯ ಕಾರಿನಲ್ಲಿ ಒಬ್ಬಳೇ ಹೋಗುವುದಿಲ್ಲ ಎಂದು ಮೊದಲ ದಿನವೇ ಹೇಳಿದ್ದೆ. ಸೈಟಿನಲ್ಲೇ ಭೇಟಿ, ಇಲ್ಲವೇ ಆಫೀಸ್ ಗಾಡಿ. ಶನಿವಾರ, ಭಾನುವಾರ ರಜೆ ಎಂಬುದನ್ನು ಮರೆತುಬಿಡಿ, ಜನ ಮನೆ ನೋಡಲು ಬರುವುದೇ ಆಗ. ಯಾವ ಹಬ್ಬಕ್ಕೂ ಊರಿಗೆ ಹೋಗಲು ಆಗುವುದಿಲ್ಲ. ದಸರಾ, ಗುಡಿ ಪಾಡ್ವಾ ಬುಕಿಂಗ್ ಜೋರಾಗಿರುವ ದಿನಗಳು. ಇದು ನನಗೆ ನಿಜಕ್ಕೂ ಕಷ್ಟವಾಗುತ್ತದೆ.

ಆದರೆ ನನಗೆ ಧೈರ್ಯ ಕೊಟ್ಟದ್ದು ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾನೂನು. ಅಗ್ರಿಮೆಂಟ್ ನೋಂದಣಿಗೆ ಮೊದಲು ಬಿಲ್ಡರ್ 10 ಪರ್ಸೆಂಟಿಗಿಂತ ಜಾಸ್ತಿ ದುಡ್ಡು ತಗೊಳ್ಳುವಂತಿಲ್ಲ. ಅಳತೆ ಕಾರ್ಪೆಟ್ ಏರಿಯಾದಲ್ಲಿ, ಅಂದರೆ ಮನೆಯೊಳಗೆ ನಿಜವಾಗಿ ಬಳಸಲು ಸಿಗುವ ಜಾಗದಲ್ಲಿ ಹೇಳಬೇಕು. ಮಹಾರಾಷ್ಟ್ರದಲ್ಲಿ 2023ರ ಆಗಸ್ಟ್‌ನಿಂದ ಜಾಹೀರಾತಿನಲ್ಲಿ ಮಹಾರೇರಾ (ರಾಜ್ಯದ ರೇರಾ ಪ್ರಾಧಿಕಾರ) ನೋಂದಣಿ ನಂಬರ್ ಜೊತೆ ಕ್ಯೂಆರ್ ಕೋಡ್ ಇರಲೇಬೇಕು. ನಾನು ಇವನ್ನು ಗಿರಾಕಿ ಕೇಳುವ ಮೊದಲೇ ಹೇಳುತ್ತೇನೆ. ಹಳೇ ಸೇಲ್ಸ್‌ನವರು 'ಎಲ್ಲ ಹೇಳಿದರೆ ಗಿರಾಕಿ ಓಡಿ ಹೋಗುತ್ತಾನೆ' ಎಂದು ಹೆದರಿಸಿದರು. ಕೆಲವರು ಹೋದರು. ಉಳಿದವರು ತಮ್ಮ ಅಣ್ಣತಮ್ಮಂದಿರನ್ನು ಕರೆತಂದರು. ಡೊಂಬಿವಲಿ ತಮ್ಮಾ, ಚೆಂಬೂರ್ ಅಣ್ಣ ಹೇಳಿದ ಸಾತಾರಾ ಹುಡುಗ ಮಾಡಿದ್ದೂ ಇದನ್ನೇ.

ಠಾಣೆ ಪೂರ್ವ

ಅಕ್ಕ, ಚೆನ್ನಾಗಿ ಬರೆದಿದ್ದೀರಿ. ಆದರೂ ಮನೆ ಬಾಡಿಗೆ ಕಟ್ಟಬೇಕಾದ ಹುಡುಗನಿಗೆ ಅಷ್ಟು ಕಾಯಲು ಪುರುಸೊತ್ತು ಎಲ್ಲಿದೆ? ಇನ್ಸೆಂಟಿವ್ ಇಲ್ಲದೆ ಫಿಕ್ಸೆಡ್ ಸಂಬಳದಲ್ಲಿ ಬದುಕುವಂತಿರಬೇಕು. ಇಲ್ಲದಿದ್ದರೆ ಪ್ರಾಮಾಣಿಕತೆ ಎನ್ನುವುದು ಮನೆಯಲ್ಲಿ ಅನುಕೂಲ ಇದ್ದವರಿಗೆ ಮಾತ್ರ.

ವಾಕಡ್ ಅಕ್ಕ

ಈ ಮಾತು ಪೂರ್ತಿ ಒಪ್ಪಿದೆ. ನಾನು ಮೊದಲ ವರ್ಷ ತಡೆದುಕೊಂಡದ್ದು ಅಕ್ಕನ ಮನೆಯಲ್ಲಿ ಇದ್ದದ್ದರಿಂದ.

ಅಂಧೇರಿ ಪೇರೋಲ್

ಸಂಬಳದ ಮಾತು ಬಂದದ್ದರಿಂದ ಹೇಳುತ್ತೇನೆ, ನನ್ನ ಕೆಲಸವೇ ಅದು. ಠಾಣೆಯವರು ಹೇಳಿದ್ದು ಅತಿ ಮುಖ್ಯ. ಸೇರುವ ಮೊದಲು ಲೆಕ್ಕ ಹಾಕಿ.

ವರ್ಷಕ್ಕೆ 3 ಲಕ್ಷ ಸಿಟಿಸಿ (ನಿಮ್ಮ ಮೇಲೆ ಕಂಪನಿ ಮಾಡುವ ಒಟ್ಟು ಖರ್ಚು) ಎಂದರು ಅಂದುಕೊಳ್ಳಿ. ಅದರಲ್ಲಿ 60 ಸಾವಿರ ಇನ್ಸೆಂಟಿವ್. ಉಳಿದ 2.4 ಲಕ್ಷ ಎಂದರೆ ತಿಂಗಳಿಗೆ 20 ಸಾವಿರ. ಪಿಎಫ್ (ಭವಿಷ್ಯ ನಿಧಿ) 15 ಸಾವಿರದ ಮೇಲೆ ಲೆಕ್ಕ ಹಾಕಿದರೆ ಕಂಪನಿ ಪಾಲು 1800 ಇದರೊಳಗೇ ಹೋಗುತ್ತದೆ. ನಿಮ್ಮ ಪಾಲು ಇನ್ನೊಂದು 1800. 21 ಸಾವಿರದೊಳಗಿನ ಸಂಬಳಕ್ಕೆ ಇಎಸ್‌ಐ (ನೌಕರರ ಆರೋಗ್ಯ ವಿಮೆ) ಇದ್ದರೆ ನಿಮ್ಮಿಂದ 0.75 ಪರ್ಸೆಂಟ್. ಮಹಾರಾಷ್ಟ್ರದಲ್ಲಿ 10 ಸಾವಿರ ದಾಟಿದ ಗಂಡಸರಿಗೆ ವೃತ್ತಿ ತೆರಿಗೆ ತಿಂಗಳಿಗೆ 200, ಫೆಬ್ರವರಿಯಲ್ಲಿ 300. ಹೆಂಗಸರಿಗೆ 25 ಸಾವಿರದವರೆಗೆ ಇಲ್ಲ. ಎಲ್ಲ ಕಳೆದು ಕೈಗೆ ಬರುವುದು 16 ಸಾವಿರದ ಆಚೀಚೆ. ಬೈಕಿನ ಪೆಟ್ರೋಲ್, ಲೋಕಲ್ ಪಾಸ್, ಫೋನ್ ಡೇಟಾ ಕೂಡ ಇದರಿಂದಲೇ ಎಂದರೆ ಆ ಕೆಲಸ ಬೇಡ. ಪ್ರಯಾಣದ ಖರ್ಚು ಬೇರೆ ಕೊಡುತ್ತಾರಾ, ಇದು ಲೆಟರ್‌ನಲ್ಲಿ ಬರೆದಿರಬೇಕು.

ಅಂಗಡಿಯವರು ದುಡ್ಡು ಕೊಡಲಿಲ್ಲ ಎಂದು ಸೇಲ್ಸ್‌ಮನ್ ಸಂಬಳದಿಂದ ಮುರಿದುಕೊಳ್ಳುವುದನ್ನು ಬಹಳ ಕೇಳಿದ್ದೇನೆ. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ವೇತನ ಸಂಹಿತೆಯಲ್ಲಿ ಇದಕ್ಕೆ ಮಿತಿ ಇದೆ. ನಿಮ್ಮ ವಶಕ್ಕೆ ಕೊಟ್ಟ ಮಾಲು ಅಥವಾ ದುಡ್ಡು ನಿಮ್ಮ ತಪ್ಪಿನಿಂದ ಹೋಗಿದ್ದರೆ ಮಾತ್ರ ಕಡಿತ, ಅದೂ ನಿಮ್ಮ ವಿವರಣೆ ಕೇಳಿದ ಮೇಲೆ. ಕೆಲಸ ಬಿಟ್ಟರೆ ಬಾಕಿ ಸಂಬಳ ಎರಡು ಕೆಲಸದ ದಿನದೊಳಗೆ ಕೊಡಬೇಕು ಎಂದೂ ಅದರಲ್ಲಿದೆ.

ಡೊಂಬಿವಲಿ ಹುಡುಗ

ಎಲ್ಲರಿಗೂ ಕೈ ಮುಗಿದು ಧನ್ಯವಾದ. ಲೆಟರ್ ತೆಗೆದು ನೋಡಿದೆ, ಏಜೆನ್ಸಿ ಹೆಸರಲ್ಲೇ ಇದೆ. ಪ್ರಯಾಣದ ಖರ್ಚು ಬೇರೆ ಕೊಡುತ್ತಾರೆ. ಮಾವನ ಮನೆಯಲ್ಲಿ ಇರುವುದರಿಂದ ಫಿಕ್ಸೆಡ್‌ನಲ್ಲಿ ನಡೆಯುತ್ತದೆ. ಹಾಗಾಗಿ ದೀಪಾವಳಿವರೆಗೆ ಇದೇ ಬೀಟಿನಲ್ಲಿ ಇರುತ್ತೇನೆ. ಇನ್ಸೆಂಟಿವ್ ಹೋದರೂ ಹೇಳದೆ ಮಾಲು ಹಾಕುವುದಿಲ್ಲ. ಕ್ಲೇಮ್ ಪಟ್ಟಿ ಶುರು ಮಾಡಿದ್ದೇನೆ, ಈ ವಾರವೇ ಡಿಸ್ಟ್ರಿಬ್ಯೂಟರ್ ಕೈಗೆ ಕೊಡುತ್ತೇನೆ. ಅಷ್ಟರಲ್ಲಿ ಬೇರೆ ಕಂಪನಿಗಳಲ್ಲೂ ವಿಚಾರಿಸುತ್ತೇನೆ, ಠಾಣೆ ಅಣ್ಣನ ಮಾತೂ ತಲೆಯಲ್ಲಿದೆ.

ಪೇರೋಲ್ ಅಣ್ಣ, ಒಂದು ಪ್ರಶ್ನೆ. ಚೀಟಿಯಲ್ಲಿ ಪಿಎಫ್ ಕಡಿತ ಕಾಣುತ್ತದೆ. ಏಜೆನ್ಸಿ ಅದನ್ನು ನಿಜವಾಗಿ ಕಟ್ಟಿದೆಯಾ ಎಂದು ತಿಳಿಯುವುದು ಹೇಗೆ?

ಅಂಧೇರಿ ಪೇರೋಲ್

ಚೀಟಿಯಲ್ಲಿ ಯುಎಎನ್ ಎಂದು 12 ಅಂಕಿಯ ನಂಬರ್ ಇರುತ್ತದೆ. ಅದು ನಿಮ್ಮ ಪಿಎಫ್ ಖಾತೆಯ ನಂಬರ್. ಅದರಿಂದ ಪಿಎಫ್ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಇಪಿಎಫ್‌ಒ ಸೈಟಿನಲ್ಲಿ ಲಾಗಿನ್ ಆಗಿ ಪಾಸ್‌ಬುಕ್ ನೋಡಿ. ಒಂದು ತಿಂಗಳ ಪಿಎಫ್ ಅನ್ನು ಮುಂದಿನ ತಿಂಗಳು 15ರೊಳಗೆ ಕಟ್ಟಬೇಕು. ಎರಡು ತಿಂಗಳು ಎಂಟ್ರಿ ಇಲ್ಲದಿದ್ದರೆ ಮೊದಲು ಏಜೆನ್ಸಿಗೆ ಮೇಲ್ ಹಾಕಿ. ಉತ್ತರ ಬರದಿದ್ದರೆ ಸಂಬಳದ ಚೀಟಿಗಳ ಫೋಟೋ ಜೊತೆ ಇಪಿಎಫ್‌ಒಗೆ ಆನ್‌ಲೈನ್ ದೂರು ಕೊಡಿ. ನಂಬರೇ ಕೊಟ್ಟಿಲ್ಲ ಎಂದರೆ ನಾಳೆಯೇ ಕೇಳಿ.